ಹಲಗನ ಅಗಲಬಾಯಿ ಕೋವಿ

ನಗು ಬಂದ ಕಡೆ ನಕ್ಕುಬಿಡಿ. ಕೊನೆಗೆ ಬಂದು, ನಗೋದಕ್ಕೆ ಆಗಲಿಲ್ಲವಲ್ಲ ಅಂತ ನನ್ನ ಮೇಲೆ ಮುನಿಸಿಕೊಳ್ಳಬೇಡಿ. ನಮ್ಮಜ್ಜಿ ಈ ಕತೆ ಶುರು ಮಾಡುವ ಮುಂಚೆ ಇಷ್ಟು ಕರಾರು ಮಾಡಿಕೊಳ್ಳುತ್ತಿದ್ದಳು. ನಾನೂ ಮಾಡಿಕೊಳ್ಳುತ್ತೇನೆ.

ಒಂದು ಗುಡ್ಡಸಾಲು. ಗುಡ್ಡಕ್ಕೊಂದೇ ಮನೆ. ಈ ಮನೆಯಿಂದ ಕೂಗಿದರೆ ಆ ಮನೆಗೆ ಕೇಳಿಸದು, ನಡೆದರೆ ಅರ್ಧ ದಿನ. ಅದಕ್ಕೇ ಅಲ್ಲಿ ಮನೆಮನೆಗೂ ಒಂದೊಂದು ಕೋವಿ. ಬೇಟೆಗಲ್ಲ, ಮಾತಾಡೋದಕ್ಕೆ. ಒಂದು ಸಲ ಹೊಡೆದರೆ, ಕಷ್ಟ ಬಂದಿದೆ, ಓಡಿ ಬನ್ನಿ ಅಂತ. ಎರಡು ಸಲ ಹೊಡೆದರೆ, ಹೋಗಿಬಿಟ್ಟರು, ಓಡಬೇಡಿ, ಗುದ್ದಲಿ ತಗೊಂಡು ಬನ್ನಿ ಅಂತ. ಕೋವಿ ಇಲ್ಲದ ಮನೆಗೆ ಬಾಯಿಲ್ಲ ಅನ್ನೋದು ಅಲ್ಲಿಯ ಮಾತು.

ಹೊಂಬಾಳವ್ವನ ಮನೆಗೆ ಬಾಯಿರಲಿಲ್ಲ. ರಾಗಿ ಹೊಲದಲ್ಲಿ ಅವಳ ಗಂಡನನ್ನು ಹಂದಿ ತಿವಿದು ಕೆಡವಿದ ದಿನ, ಅವಳು ಎದುರು ಗುಡ್ಡದ ಕಡೆ ತಿರುಗಿ ಹೊತ್ತು ಮುಳುಗುವವರೆಗೂ ಕೂಗಿದಳು. ಗಾಳಿ ಅವಳ ಕೂಗನ್ನು ಅವಳ ಕಿವಿಗೇ ತಂದು ಹಾಕಿತು. ಗಂಡ ಹೋದ. ಉಳಿದವನು ಮಗ, ಹಲಗ.

ಹಲಗನಿಗೆ ಇಪ್ಪತ್ತು ತುಂಬಿತ್ತು. ಎತ್ತಿನಂಥ ಮೈ, ಮಗುವಿನಂಥ ಮುಖ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಹಾಲು ಉಕ್ಕೋದ್ನ ನೋಡ್ತಿರ್ಲಾ" ಅಂದರೆ ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ. "ಇಳಿಸ್ಬಾರ್ದಿತ್ತೇನ್ಲಾ?" ಅಂದರೆ, "ನೋಡು ಅಂದ್ಯಲ್ಲವ್ವ" ಅನ್ನುತ್ತಿದ್ದ. ಹೊಂಬಾಳವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಅವಳಿಗೂ ಮುದ್ದೇ. ಆದರೆ ಹೆಗ್ಗಣಕ್ಕೆ ತನ್ನ ಬಿಲ ಯಾವುದು ಅಂತಲಾದರೂ ಗೊತ್ತಿರುತ್ತದೆ.

ಆ ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನಾಳೆ ನಾನು ಬಿದ್ದುಹೋದರೆ ಈ ನನ್ನ ಮಗ ಯಾರನ್ನು ಕರೆಯುತ್ತಾನೆ, ಹೇಗೆ ಕರೆಯುತ್ತಾನೆ ಅಂತ ಅವಳಿಗೆ ಭಯ ಹತ್ತಿತು. ಇವನು ಅಪ್ಪನ ಹಾಗೆ ಯಾರಿಗೂ ಕೇಳಿಸದೆ ಸಾಯಬಾರದು, ಕಣ್ಣು ಮುಚ್ಚುವುದರೊಳಗೆ ಈ ಮನೆಗೊಂದು ಬಾಯಿ ಮಾಡಿಡಬೇಕು ಅಂದುಕೊಂಡಳು. ಕಿವಿಯ ಓಲೆ ಬಿಚ್ಚಿ ಮಗನ ಕೈಗಿಟ್ಟಳು.

"ಕೆಳಗಿನೂರಿಗೆ ಹೋಗು. ಮುದ್ದಾಚಾರಿಗೆ ಈ ಓಲೆ ಕೊಡು. ಕೋವಿ ಕೊಡ್ತಾನೆ, ತಗಂಬಾ."

ಕುಲುಮೆಯ ಮುದ್ದಾಚಾರಿ ಇಡೀ ಕೋವಿ ಕೊಡಲಿಲ್ಲ. ಪಾಳೆಯಗಾರನ ಕಟ್ಟಳೆ ಇತ್ತು. ಕೋವಿ ಮಾರಿದ ಆಚಾರಿಯ ಹೆಬ್ಬೆರಳು ಕತ್ತರಿಸುತ್ತಿದ್ದರು. ಅದಕ್ಕೆ ಅವನು ಕೋವಿ ಮಾರುತ್ತಿರಲಿಲ್ಲ, ಕಬ್ಬಿಣದ ಚೂರು ಮಾರುತ್ತಿದ್ದ. ಕೊಂಡವರು ಮನೆಗೆ ಒಯ್ದು ಜೋಡಿಸಿಕೊಳ್ಳಬೇಕು. ಒಂದೊಂದೇ ತೋರಿಸಿದ.

"ಇದು ನಳಿಗೆ. ಮೊಳದುದ್ದ ಐತೆ, ಬಾಯಿ ನೋಡು, ಉಮ್ಮತ್ತಿ ಹೂವಿನಂಗೆ ಅಗಲ. ಸದ್ದು ಮೂರು ಗುಡ್ಡ ದಾಟತೈತೆ. ಇದು ಕುದುರೆ, ಚಕಮಕಿ ಕಲ್ಲು ಕಚ್ಕೊಂಡು ಒದೀತೈತೆ. ಇದು ಗಜ, ಬಾಯೊಳಕ್ಕೆ ಜಡಿಯೋದು. ಇದು ಹಿಡಿಗೆ ಮರ, ನೀನೇ ಕೆತ್ಕೊ. ಕಿವಿ ತೂತು ನೀನೇ ಕೊರ್ಕೊ."

ಹಲಗ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಸಂಜೆಗೆ ಮನೆ ಮುಟ್ಟಿದ. ಹೊಂಬಾಳವ್ವ ಗೋಣಿ ಸುರಿದು ನೋಡಿದಳು. ನಳಿಗೆ ಇತ್ತು, ಗಜ ಇತ್ತು, ಮರ ಇತ್ತು.

"ಕುದುರೆ ಎಲ್ಲೈತ್ಲಾ?"

"ಹಳ್ಳದ ಹತ್ರ ಮೇಯಕ್ಕೆ ಬಿಟ್ಟೀನಿ ಕಣವ್ವ. ಹಸಿರು ಹುಲ್ಲೈತೆ. ಕಾಲು ಕಾಣ್ಲಿಲ್ಲ, ಓಡೋಗಕಿಲ್ಲ."

ಅಮ್ಮ ಮಗ ಇಬ್ಬರೂ ಪಂಜು ಹಿಡಿದು ಹೋಗಿ ಹುಲ್ಲು ತಡಕಿ, ಗೇಣುದ್ದದ ಆ ಕಬ್ಬಿಣವನ್ನು ಹುಡುಕಿ ತಂದರು. ಅಷ್ಟರಲ್ಲೇ ಇಬ್ಬನಿ ಕುಡಿದು ತುಕ್ಕು ಕಚ್ಚಿತ್ತು.

"ಥೂ ಮಂಕೆ, ಬೆಲೆಯಿರೋದನ್ನ ಜೋಪಾನವಾಗಿ ತರ್ಬೇಕು. ಜೋಪಾನ ಅಂದ್ರೆ ಏನು ಗೊತ್ತಾ? ಎಣ್ಣೆಬಟ್ಟೆ ಸುತ್ತಿ, ಎದೆಗೆ ಅಪ್ಕೊಂಡು ತರೋದು. ತಿಳೀತಾ?"

"ತಿಳೀತು ಕಣವ್ವ. ಎಣ್ಣೆಬಟ್ಟೆ, ಎದೆ."

ಮಾರನೆಯ ದಿನ ಹಿಡಿ ಕೆತ್ತುವ ಕೆಲಸ. ಮರದಲ್ಲಿ ನಳಿಗೆ ಕೂರುವಂತೆ ಕಾಲುವೆ ತೋಡಬೇಕು, ಕೂದಲು ತೂರದಷ್ಟು ಬಿಗಿಯಾಗಿ. ಅದಕ್ಕೊಂದು ಉಪಾಯವಿದೆ. ನಳಿಗೆಗೆ ದೀಪದ ಕಾಡಿಗೆ ಬಳಿದು ಮರದ ಮೇಲೆ ಒತ್ತಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಅಂಟುತ್ತದೆ. ಅಂಟಿದ ಕಡೆ ಉಳಿಯಿಂದ ಕೆತ್ತಬೇಕು, ಮತ್ತೆ ಒತ್ತಬೇಕು, ಮತ್ತೆ ಕೆತ್ತಬೇಕು. ಗಂಡ ಬದುಕಿದ್ದಾಗ ಬೇರೆಯವರ ಮನೆಯಲ್ಲಿ ಮಾಡಿದ್ದನ್ನು ಹೊಂಬಾಳವ್ವ ಕಂಡಿದ್ದಳು.

"ನೋಡ್ಲಾ, ಕಪ್ಪು ಹತ್ತಿದ ಕಡೆ ಕೆತ್ತು. ಕಪ್ಪು ಹತ್ತದ ಕಡೆ ಮುಟ್ಬೇಡ."

ಹೀಗೆ ಹೇಳಿ ಅವಳು ನೀರಿಗೆ ಹೋದಳು. ಹಲಗ ಒತ್ತಿದ, ಕೆತ್ತಿದ, ಒತ್ತಿದ, ಕೆತ್ತಿದ. ನಿಜ ಹೇಳಬೇಕು, ಚೆನ್ನಾಗಿಯೇ ಕೆತ್ತಿದ. ಅವನ ಕೈಯಲ್ಲಿ ಕಸುಬಿತ್ತು, ಇಲ್ಲದ್ದು ತಲೆಯಲ್ಲಿ ಮಾತ್ರ. ನಳಿಗೆ ಮರದೊಳಗೆ ಹೋಗಿ ಅಲ್ಲೇ ಹುಟ್ಟಿದ ಹಾಗೆ ಕೂತಿತು. ಆಮೇಲೆ ಅವನು ಸುತ್ತ ನೋಡಿದ. ಕಾಡಿಗೆ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದ, ಅಲ್ಲಿ ಕಪ್ಪು ಹತ್ತಿತ್ತು. ಕೆತ್ತಿದ. ಒನಕೆಗೆ ಹತ್ತಿತ್ತು. ಕೆತ್ತಿದ. ಅವ್ವನ ರಾಗಿ ಪೆಟ್ಟಿಗೆಗೆ ಹತ್ತಿತ್ತು. ಅದನ್ನೂ ಕೆತ್ತಿದ.

ಹೊಂಬಾಳವ್ವ ಕೊಡ ಹೊತ್ತು ಬಂದಾಗ ಅವನು ತನ್ನ ಎಡಗೈ ಮೇಲೆ ಉಳಿ ಇಟ್ಟುಕೊಂಡು ಕೂತಿದ್ದ. ಒಂದು ಪದರ ಚರ್ಮ ಆಗಲೇ ಎದ್ದಿತ್ತು. ರಕ್ತ ಮೊಣಕೈವರೆಗೆ ಇಳಿದಿತ್ತು. ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ನಿಂತಿರಲಿಲ್ಲ.

ಅವಳು ಕೊಡ ಎತ್ತಿ ಎಸೆದು ಉಳಿ ಕಿತ್ತುಕೊಂಡಳು. "ಏನ್ ಮಾಡ್ತಿದ್ದೀಯ್ಲಾ?"

"ಕೈಗೂ ಕಪ್ಪು ಹತ್ತಿತ್ತಲ್ಲವ್ವ. ಹೋಗ್ತಾನೇ ಇಲ್ಲ."

"ಅಯ್ಯೋ ನನ್ ಕರ್ಮವೇ, ಕೆತ್ತೋದು ಮರ ಕಣ್ಲಾ, ಮೈಯಲ್ಲ. ನೋವಾದ್ರೆ ನಿಲ್ಲಿಸ್ಬಾರ್ದಾ?"

"ನೋವಾದ್ರೆ ನಿಲ್ಸು ಅಂತ ನೀನು ಹೇಳಿರ್ಲಿಲ್ಲ."

ಸೆರಗು ಹರಿದು ಕೈಗೆ ಕಟ್ಟಿದಳು. ಬೈಯುವಷ್ಟೂ ಬೈದಳು, ಅಳುವಷ್ಟೂ ಅತ್ತಳು. ಕೈ ಒಣಗಲು ಎಂಟು ದಿನ ಹಿಡಿಯಿತು.

ಉಳಿದದ್ದು ಕಿವಿ. ಕೋವಿಯ ಕಿವಿ ಅಂದರೆ ನಳಿಗೆಯ ಬುಡದಲ್ಲಿ ಸೂಜಿ ಹೋಗುವಷ್ಟು ತೂತು. ಹೊರಗಿನ ಕಿಡಿ ಅದರೊಳಗೆ ನುಗ್ಗಬೇಕು. ದಬ್ಬಳ ಕಾಯಿಸಿ ಕಾಯಿಸಿ ಕೊರೆಯಬೇಕು. ಹೊಲದಂಚಿನಲ್ಲಿ ಇದ್ದಿಲು ಸುಡುವ ಗುಂಡಿಯಿತ್ತು.

"ಗುಂಡಿಯಿಂದ ಒಂದಿಷ್ಟು ಕೆಂಡ ತಗಂಬಾರ್ಲಾ. ದಾರೀಲಿ ಆರೋಗ್ತದೆ, ಜೋಪಾನವಾಗಿ ತಗಂಬಾ."

ಜೋಪಾನ. ಆ ಮಾತು ಹಲಗನಿಗೆ ಚೆನ್ನಾಗಿ ನೆನಪಿತ್ತು. ಕೆಂಡವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿದ, ಎದೆಗೆ ಅಪ್ಪಿಕೊಂಡ, ನಡೆದ. ಹೊಲದ ನಡುವೆ ಬಟ್ಟೆ ಭಗ್ಗೆಂದಿತು. ಅವನು ಬಿಡಲಿಲ್ಲ. ಬಿಡು ಅಂತ ಯಾರೂ ಹೇಳಿರಲಿಲ್ಲ. ಅರಚುತ್ತಾ, ಅಪ್ಪಿಕೊಂಡೇ ಮನೆಯಂಗಳಕ್ಕೆ ಬಂದು, "ತಂದೀನಿ ಕಣವ್ವ" ಅಂತ ಬಿದ್ದ.

ಆ ಹೊತ್ತು ಹೊಂಬಾಳವ್ವ ಬೈಯಲಿಲ್ಲ. ಮಾರನೆಯ ದಿನ ಬೈದಳು. ಲೋಳೆಸರ ಸೀಳಿ ಎದೆಗೆ ಹಚ್ಚುತ್ತಾ ಬೈದಳು.

"ಕೆಂಡನ ಮಡಕೇಲಿ ತರ್ಬೇಕು ಕಣ್ಲಾ, ದಡ್ಡ ಮುಂಡೇದೆ. ನೋಡು, ಇದು ಮದ್ದು. ಎದೆ ಉರಿಗೆ ಮದ್ದು ಹಚ್ಕೋಬೇಕು. ಆಗ ತಣ್ಣಗಾಗ್ತದೆ. ತಿಳೀತಾ?"

"ತಿಳೀತು ಕಣವ್ವ. ಎದೆ ಉರಿಗೆ ಮದ್ದು."

ಇಲ್ಲಿ ನಮ್ಮ ಮಾತಿಗೂ ಒಂದು ಸಲ ಬೈಯಬೇಕು. ರೋಗಕ್ಕೆ ಕೊಡೋದೂ ಮದ್ದು, ಕೋವಿಗೆ ತುಂಬೋದೂ ಮದ್ದು. ಬದುಕಿಸೋದಕ್ಕೂ ಸುಡೋದಕ್ಕೂ ಒಂದೇ ಹೆಸರಿಟ್ಟವರು ಯಾರೋ ಕಾಣೆ. ಜಾಣರಿಗೆ ತೊಂದರೆಯಿಲ್ಲ, ಅವರು ಹೇಳಿದವರ ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಹಲಗ ಮಾತನ್ನೇ ನಂಬಿದವನು.

ಕಿವಿಯನ್ನು ಹೊಂಬಾಳವ್ವ ತಾನೇ ಕೂತು ಕೊರೆದಳು. ಎದೆ ಸ್ವಲ್ಪ ಮಾಗಿದ ಮೇಲೆ ಮಗನನ್ನು ಮತ್ತೆ ಕುಲುಮೆಗೆ ಕಳಿಸಿದಳು. "ಮುದ್ದಾಚಾರಿ ಹತ್ರ ಮದ್ದು ಇಸ್ಕೊಂಬಾ." ಆಚಾರಿ ಎರಡು ಸೋರೆಬುರುಡೆ ತುಂಬ ಕಪ್ಪು ಪುಡಿ, ಒಂದು ಚೀಲ ಸೀಸದ ಗುಂಡು ಕೊಟ್ಟ. "ಮದ್ದು ಕಣಪ್ಪ, ಹುಷಾರು" ಅಂದ.

ಮದ್ದು ಅಂದ ಮೇಲೆ ಇನ್ನೇನು? ಹಲಗ ದಾರಿಯಲ್ಲೇ ಅಂಗಿ ಬಿಚ್ಚಿ, ಒಂದು ಬುರುಡೆ ಪೂರ್ತಿ ಎದೆಯ ಹಸಿಗಾಯಕ್ಕೆ ಬಳಿದುಕೊಂಡ. ತಣ್ಣಗಾಗಲಿಲ್ಲ. ಉಪ್ಪು ಸವರಿದಂತೆ ಉರಿಯಿತು. ಸಾಲದೇನೋ ಅಂತ ಇನ್ನಷ್ಟು ಬಳಿದುಕೊಂಡ. ಮನೆಗೆ ಬರುವಾಗ ಚಳಿ ಹಿಡಿದಿತ್ತು. ನೇರವಾಗಿ ಹೋಗಿ, ಉರಿಯುವ ಒಲೆಯ ಮುಂದೆ ಎದೆ ಚಾಚಿ ಕೂತ.

ಮುದ್ದೆ ತಿರುವುತ್ತಿದ್ದ ಹೊಂಬಾಳವ್ವ ತಲೆಯೆತ್ತಿದಳು. ಮಗನ ಕರಿ ಎದೆ ಕಂಡಳು, ಗಂಧಕದ ವಾಸನೆ ಹಿಡಿದಳು. ಕೋಲು ಬಿಸಾಕಿ, ಅವನ ಜುಟ್ಟು ಹಿಡಿದು ಅಂಗಳದವರೆಗೆ ದರದರ ಎಳೆದುಕೊಂಡು ಹೋದಳು. ಬಾನಿಯ ನೀರೆಲ್ಲ ಅವನ ಮೇಲೆ ಸುರಿದಳು. ಸುರಿದು, ಅಲ್ಲೇ ಕೆಸರಲ್ಲಿ ಕೂತು ಕೆಮ್ಮಿದಳು. ಕೆಮ್ಮಿದ ಕಡೆ ಕೆಂಪಗಿತ್ತು.

"ಕೇಳ್ಲಾ" ಅಂದಳು. "ಇನ್ಯಾವತ್ತೂ ಮರೀಬೇಡ. ಮದ್ದು ಮೈಗಲ್ಲ. ಮದ್ದು ಮನುಷ್ಯರಿಗೇ ಅಲ್ಲ. ಯಾರೇ ಕೊಡ್ಲಿ, ಮದ್ದು ಅಂತ ಕೊಟ್ರೆ ಅದು ಕೋವಿ ಬಾಯಿಗೆ. ಬಾಯಿಗೆ ಮದ್ದು ಹಾಕು, ಬಟ್ಟೆ ತುರುಕು, ಗುಂಡು ಹಾಕು, ಗಜದಲ್ಲಿ ಜಡಿ. ಏನಂದೆ, ಹೇಳು."

"ಮದ್ದು ಅಂತ ಕೊಟ್ರೆ ಕೋವಿ ಬಾಯಿಗೆ. ಬಟ್ಟೆ. ಗುಂಡು. ಗಜ."

"ಇನ್ನೊಂದ್ಸಲ ಹೇಳು."

ಹೇಳಿದ. ನೂರು ಸಲ ಹೇಳಿಸಿದಳು. ನೂರು ಸಲವೂ ತಪ್ಪಿಲ್ಲದೆ ಹೇಳಿದ. ಮಗ ಒಂದು ಮಾತು ಸರಿಯಾಗಿ ಕಲಿತ ಅಂತ ಅವಳಿಗೆ ಅಷ್ಟು ವರ್ಷಕ್ಕೆ ಮೊದಲ ಸಲ ಸಮಾಧಾನ ಆಯಿತು.

ಕೋವಿ ಮುಗಿಯಿತು. ಅಂದವಾಗಿಯೇ ಇತ್ತು. ಮರಕ್ಕೆ ಹೊಂಗೆಯೆಣ್ಣೆ ತಿಕ್ಕಿ ತಿಕ್ಕಿ ಹಲಗ ಅದನ್ನು ಹೊಳೆಯುವಂತೆ ಮಾಡಿ, ಬಾಗಿಲ ಹಿಂದೆ ನಿಲ್ಲಿಸಿದ. ವಾರ ಕಳೆಯಲಿಲ್ಲ, ಹೊಂಬಾಳವ್ವ ಜ್ವರ ಬಂದು ಮಲಗಿದಳು. ಮೈ ಹಂಚಿನ ಹಾಗೆ ಕಾದಿತ್ತು.

"ಮಗಾ, ಒಂದು ಹೊಡಿ" ಅಂದಳು. "ಒಂದೇ."

ಹಲಗ ಬಾಯಿಗೆ ಮದ್ದು ಹಾಕಿದ, ಬಟ್ಟೆ ತುರುಕಿದ, ಗುಂಡು ಹಾಕಿದ, ಗಜದಲ್ಲಿ ಜಡಿದ. ಕಿವಿಗೆ ಚಿಟಿಕೆ ಮದ್ದಿಟ್ಟು ಅಂಗಳದಲ್ಲಿ ನಿಂತು ಹೊಡೆದ. ಆಕಾಶ ಬಿರಿದ ಹಾಗಾಯಿತು. ಗುಡ್ಡ ಗುಡ್ಡ ಆ ಸದ್ದನ್ನು ಕೈಯಿಂದ ಕೈಗೆ ದಾಟಿಸಿದವು. ತುಸು ಹೊತ್ತಿಗೆ ಎದುರು ಗುಡ್ಡದ ಚನ್ನಾಜಪ್ಪನ ಕೋವಿ ಓಗೊಟ್ಟಿತು, ಬರ್ತೀವಿ ಅಂತ. ಒಳಗೆ ಹೊಂಬಾಳವ್ವ ಹರಿದ ಕಂಬಳಿಯ ಮೇಲೆ ಮಲಗಿಕೊಂಡು ನಕ್ಕಳು. ಅವಳ ಮನೆಗೆ ಬಾಯಿ ಬಂದಿತ್ತು. ಗಂಡನನ್ನು ನೆನೆದು ಅತ್ತಳು ಕೂಡ.

ಚನ್ನಾಜಪ್ಪ ಬಂದ. ನಾಟಿ ಔಷಧಿಯ ಈರಜ್ಜಿಯನ್ನೂ ಕರೆದುಕೊಂಡು ಬಂದ. ಅವರು ತಲುಪುವಾಗ ಹೊಂಬಾಳವ್ವನಿಗೆ ಜ್ವರದಲ್ಲಿ ಮಂಪರು ಕವಿದಿತ್ತು. ಈರಜ್ಜಿ ನಾಡಿ ಹಿಡಿದಳು, ಕಣ್ಣು ಬಿಡಿಸಿ ನೋಡಿದಳು.

"ಗಟ್ಟಿ ಜೀವ. ಮದ್ದು ಬಿದ್ರೆ ಮೂರು ದಿನಕ್ಕೆ ಏಳ್ತಾಳೆ" ಅಂದಳು. ಮಡಿಲಿಂದ ಒಂದು ಬುರುಡೆ ತೆಗೆದು ಹಲಗನ ಕೈಗಿಟ್ಟಳು. ಬೇರು ಸುಟ್ಟು ಕುಟ್ಟಿದ ಕಪ್ಪು ಪುಡಿ. "ಇದು ಮದ್ದು. ದಿನಕ್ಕೆ ಮೂರು ಹೊತ್ತು, ಮೂರು ಬೆರಳಿಗೆ ಬರೋವಷ್ಟು, ತಪ್ಪಿಸ್ದೆ ಬಾಯಿಗೆ ಹಾಕಪ್ಪ. ಒಂದು ಹೊತ್ತು ತಪ್ಪಿದ್ರೂ ಕಷ್ಟ. ಮಾಡ್ತೀಯಾ?"

"ಮಾಡ್ತೀನಿ ಕಣಜ್ಜಿ. ಅವ್ವ ಹೇಳ್ಕೊಟ್ಟವ್ಳೆ."

ಆಚೆ ಗುಡ್ಡದಲ್ಲೊಂದು ಹೆರಿಗೆ ಕಾಯುತ್ತಿತ್ತು. ಈರಜ್ಜಿ ಹೊರಟಳು. ಚನ್ನಾಜಪ್ಪನೂ ದನ ಕಟ್ಟಬೇಕಿತ್ತು. "ಹೆಚ್ಚು ಕಮ್ಮಿ ಆದ್ರೆ ಒಂದು ಹೊಡೀಲಾ, ಬರ್ತೀನಿ" ಅಂದು ಹೋದ.

ಹಲಗ ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಗ್ಗೆ ಎದ್ದು ಮೂರು ಬೆರಳು ಮದ್ದು ತೆಗೆದು ಕೋವಿಯ ಬಾಯಿಗೆ ಹಾಕಿದ. ಬಟ್ಟೆ ತುರುಕಿದ. ಗುಂಡು ಹಾಕಿದ. ಗಜದಲ್ಲಿ ಜಡಿದ. ಮಧ್ಯಾಹ್ನ ಹಾಕಿದ, ತುರುಕಿದ, ಜಡಿದ. ಸಂಜೆಯೂ ಹಾಗೇ. ಬಟ್ಟೆ ಮುಗಿದಾಗ ಅವ್ವನ ಸೆರಗನ್ನೇ ಹರಿದ. ನಡುನಡುವೆ ಹೊಂಬಾಳವ್ವನಿಗೆ ಎಚ್ಚರವಾಗುತ್ತಿತ್ತು.

"ಈರಜ್ಜಿ ಮದ್ದು ಕೊಟ್ಳಾ ಮಗಾ?"

"ಕೊಟ್ಳು ಕಣವ್ವ."

"ಹಾಕ್ದಾ?"

"ಹಾಕ್ದೆ ಕಣವ್ವ. ಮೂರು ಹೊತ್ತೂ ಹಾಕ್ದೆ."

ಹಾಕಿರಬೇಕು, ಜ್ವರದಲ್ಲಿ ನನಗೇ ನೆನಪಿಲ್ಲ ಅಂದುಕೊಂಡು ಅವಳು ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಬಾಯಿ ಕಹಿಯಾಗಿಲ್ಲವಲ್ಲ ಅಂತ ಒಂದು ಸಲ ಅನ್ನಿಸಿತು. ನಾಲಿಗೆ ಸತ್ತಿದೆ ಅಂದುಕೊಂಡಳು.

ಮೂರನೆಯ ದಿನ ಸಂಜೆ ಉಸಿರು ಸಿಕ್ಕಿಕೊಳ್ಳತೊಡಗಿತು. ಜೀವ ಹೋಗುವಾಗ ಕೆಲವರಿಗೆ ತಲೆ ತಿಳಿಯಾಗುತ್ತದಂತೆ. ಅವಳಿಗೂ ಆಯಿತು.

"ಮಗಾ, ಕೋವಿ ತುಂಬಿ ಒಂದು ಹೊಡಿ. ಬೇಗ."

"ತುಂಬೇ ಐತೆ ಕಣವ್ವ" ಅಂದ ಹಲಗ. ಕೋವಿ ಎತ್ತಿಕೊಂಡು ಅಂಗಳಕ್ಕೆ ಹೋದ. ಕಿವಿಗೆ ಮದ್ದಿಟ್ಟ. ಕುದುರೆ ಎಳೆದ. ಕಿವಿಯ ಹತ್ತಿರ ಫುಸ್ ಅಂತ ಒಂದು ಕಿಡಿ ಎದ್ದು ಆರಿತು. ಮತ್ತೆ ಎಳೆದ. ಫುಸ್. ಮತ್ತೆ ಎಳೆದ. ಎದುರು ಗುಡ್ಡದ ಮನೆಯಲ್ಲಿ ಒಲೆಯ ಹೊಗೆ ಏಳುವುದು ಕಾಣುತ್ತಿತ್ತು. ಅಲ್ಲಿಗೆ ಏನೂ ಕೇಳಿಸಲಿಲ್ಲ.

"ಏನಾಯ್ತ್ಲಾ?"

"ಗೊತ್ತಿಲ್ಲ ಕಣವ್ವ. ಮದ್ದು ಬಾಯಿ ತುಂಬಾ ಐತೆ. ಈರಜ್ಜಿ ಕೊಟ್ಟಿದ್ದು ಪೂರಾ ಹಾಕೀನಿ."

ಹೊಂಬಾಳವ್ವ ಮೆಲ್ಲಗೆ ಕೇಳಿದಳು, "ಯಾರ ಬಾಯಿಗ್ಲಾ?"

"ಕೋವಿ ಬಾಯಿಗೆ. ಯಾರೇ ಮದ್ದು ಅಂತ ಕೊಟ್ರೂ ಕೋವಿ ಬಾಯಿಗೆ ಅಂದ್ಯಲ್ಲವ್ವ. ಬಟ್ಟೆ. ಗುಂಡು. ಗಜ. ಒಂದೂ ಮರ್ತಿಲ್ಲ."

ಬೈಯಬೇಕಿತ್ತು. ಬೈಯುವುದಕ್ಕೆ ಉಸಿರಿರಲಿಲ್ಲ, ಮನಸ್ಸೂ ಬರಲಿಲ್ಲ. ಅವನು ಅವಳ ಮಾತನ್ನೇ ಅವಳಿಗೆ ವಾಪಸು ಕೊಟ್ಟಿದ್ದ, ಒಂದಕ್ಷರ ಕೆಡಿಸದೆ. "ಹೌದು ಕಣ್ಲಾ" ಅಂದಳು. "ನಾನೇ ಹೇಳಿದ್ದು."

ಹಲಗನಿಗೆ ಏನೋ ತಪ್ಪಾಗಿದೆ ಅಂತ ಆಗ ಹೊಳೆಯಿತು. ಅವ್ವ ಬೈಯದಿದ್ದರೆ ಅವನಿಗೆ ದಿಕ್ಕು ತೋಚುತ್ತಿರಲಿಲ್ಲ. ಗಾಬರಿಯಾಗಿ ಉಳಿ ತಂದ, ಗುಂಡು ಕೀಳಲು ಹೋದ. ಅದನ್ನು ಬಿಟ್ಟು ನೀರು ತರಲು ಎದ್ದ. ಕೊಡ ಕೆಳಗಿಟ್ಟು ಚನ್ನಾಜಪ್ಪನ ಮನೆಗೆ ಓಡುತ್ತೇನೆ ಅಂತ ಬಾಗಿಲಿಗೆ ಹೋದ. ಅರ್ಧ ದಿನದ ದಾರಿ. ಅಷ್ಟು ಹೊತ್ತು ತನಗಿಲ್ಲ ಅಂತ ಹೊಂಬಾಳವ್ವನಿಗೆ ಗೊತ್ತಿತ್ತು. ಒಬ್ಬಳೇ ಸಾಯಲು ಅವಳಿಗೆ ಭಯವಿತ್ತು.

"ಬೇಡ ಮಗಾ, ಬಾ ಇಲ್ಲಿ. ನನ್ ಪಕ್ಕ ಕೂತ್ಕೊ. ನಾನು ಹೇಳೋಗಂಟ ಏನೂ ಮಾಡ್ಬೇಡ."

ಕೂತ. ಅವಳ ಕೈ ಹಿಡಿದುಕೊಂಡ. ಅವಳು ಮತ್ತೇನೂ ಹೇಳಲಿಲ್ಲ.

ಎರಡು ದಿನ ಆ ಮನೆಯ ಸೂರಿನಿಂದ ಹೊಗೆ ಏಳಲಿಲ್ಲ. ಎದುರು ಗುಡ್ಡದಿಂದ ಚನ್ನಾಜಪ್ಪ ಅದನ್ನು ನೋಡಿದ. ಓಗೊಡಲಿ ಅಂತ ತನ್ನ ಕೋವಿ ಹೊಡೆದ. ಉತ್ತರ ಬರಲಿಲ್ಲ. ಈರಜ್ಜಿಯನ್ನೂ ಇನ್ನಿಬ್ಬರನ್ನೂ ಕೂಡಿಸಿಕೊಂಡು ಬಂದ. ಬಾಗಿಲು ತೆರೆದೇ ಇತ್ತು. ಹೊಂಬಾಳವ್ವ ಮಲಗಿದ್ದಳು. ಹಲಗ ಪಕ್ಕದಲ್ಲಿ ಕೂತಿದ್ದ. ಅವಳ ಮುಖದ ಮೇಲೆ ನೊಣ ಕೂತಿದ್ದವು. ಓಡಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

"ಎರಡು ಹೊಡೀಬಾರ್ದಿತ್ತೇನ್ಲಾ?" ಅಂದ ಚನ್ನಾಜಪ್ಪ.

"ಅವ್ವ ಇನ್ನೂ ಹೇಳಿಲ್ಲ" ಅಂದ ಹಲಗ. ತುಟಿ ಒಡೆದಿತ್ತು. ಎರಡು ದಿನದಿಂದ ನೀರೂ ಕುಡಿದಿರಲಿಲ್ಲ.

ತಾನೇ ಎರಡು ಹೊಡೆದು ಉಳಿದ ಗುಡ್ಡಗಳಿಗೆ ತಿಳಿಸೋಣ ಅಂತ ಚನ್ನಾಜಪ್ಪ ಕೋವಿ ಎತ್ತಿಕೊಂಡ. ಗಜ ಇಳಿಸಿ ನೋಡಿದ, ಮೂರು ಬೆರಳೂ ಇಳಿಯಲಿಲ್ಲ. ಗಜದ ತುದಿಯ ತಿರುಪಿನಿಂದ ಕೊರೆದು ಎಳೆದ. ಸೆರಗಿನ ಚೂರು ಬಂತು, ಗುಂಡು ಬಂತು, ಪುಡಿ ಬಂತು. ಬಟ್ಟೆ, ಗುಂಡು, ಪುಡಿ. ಒಂಬತ್ತು ಸಲ ಬಂತು. ಈರಜ್ಜಿ ಆ ಪುಡಿಯನ್ನು ಮೂಸಿ ನೋಡಿ ಗೋಡೆಗೆ ಒರಗಿಬಿಟ್ಟಳು. ಚನ್ನಾಜಪ್ಪ ಹೊಡೆಯುವುದನ್ನು ಬಿಟ್ಟು, ಕೋವಿಯನ್ನು ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದ.

ಗುಂಡಿ ತೋಡಿದರು. ಹೊಂಬಾಳವ್ವನನ್ನು ಮೀಸಿ ಅಂಗಳದಲ್ಲಿ ಮಲಗಿಸಿದರು. ಮಣ್ಣಿಗಿಡುವ ಮೊದಲು ಮಗ ಬಾಯಿಗೆ ಅಕ್ಕಿ ಹಾಕಬೇಕು. ಮಗ ಹಾಕದೆ ಹೋದರೆ ಹೋದವರು ಹಸಿದು ಹೋಗುತ್ತಾರೆ ಅನ್ನುವುದು ಅವರ ನಂಬಿಕೆ. ಹಲಗನ ಮುಷ್ಟಿಗೆ ಅಕ್ಕಿ ಕೊಟ್ಟರು. ಅವನು ಕೂತ ಜಾಗದಿಂದ ಏಳಲಿಲ್ಲ. ಚನ್ನಾಜಪ್ಪ ಬೇಡಿದ, ಗದರಿದ.

"ಅವ್ವ ಹೇಳ್ಲಿ. ಹೇಳಿದ್ ಕೂಡ್ಲೇ ಹಾಕ್ತೀನಿ."

ಹೊತ್ತು ಇಳಿಯುತ್ತಿತ್ತು. ಕೊನೆಗೆ ಈರಜ್ಜಿ ಕಣ್ಣೊರೆಸಿಕೊಂಡು ಎದ್ದಳು. ಈ ಮನೆಗೆ ಬಂದಾಗಲೆಲ್ಲ ಹೊಂಬಾಳವ್ವನ ಕೂಗಾಟವನ್ನು ಅವಳು ಕೇಳಿದ್ದಳು. ಹಲಗನ ಬೆನ್ನ ಹಿಂದೆ ನಿಂತು, ಅವನಿಗೆ ಕಾಣದ ಹಾಗೆ, ಥೇಟು ಅದೇ ದನಿ ತೆಗೆದಳು.

"ಥೂ ಮಂಕೆ, ಎಷ್ಟೊತ್ತು ಕೂತಿರ್ತೀಯ್ಲಾ? ಹಾಕ್ಲಾ ಬಾಯಿಗೆ!"

ಹಲಗನ ಮುಖ ಅರಳಿತು. ಎರಡು ದಿನ ಕಾದಿದ್ದ ಬೈಗುಳ ಬಂದಿತ್ತು. "ಹಾಕ್ತೀನಿ ಕಣವ್ವ" ಅಂತ ಚಂಗನೆ ಎದ್ದ. ಬಾಯಿಗೆ ಅಂದರೆ ಯಾವ ಬಾಯಿಗೆ ಅಂತ ಅವ್ವ ನೂರು ಸಲ ಹೇಳಿಸಿದ್ದಳಲ್ಲ. ಅಕ್ಕಿ ಹಿಡಿದುಕೊಂಡು, ಅಂಗಳದಲ್ಲಿ ಮಲಗಿದ್ದ ತಾಯಿಯನ್ನು ದಾಟಿ ಮನೆಯೊಳಕ್ಕೆ ಹೋದ. ಬಾಗಿಲ ಹಿಂದಿನ ಕೋವಿ ಎತ್ತಿಕೊಂಡ. ಒಂದು ಕಾಳೂ ಚೆಲ್ಲದಂತೆ ಅಕ್ಕಿಯನ್ನೆಲ್ಲ ಅದರ ಅಗಲ ಬಾಯಿಗೆ ಸುರಿದ. ಬಟ್ಟೆ ತುರುಕಿದ. ಗುಂಡು ಹಾಕಿದ. ಗಜದಲ್ಲಿ ಜಡಿದ. ಆಮೇಲೆ ಕೋವಿಯನ್ನು ಜೋಪಾನವಾಗಿ ಎದೆಗೆ ಅಪ್ಪಿಕೊಂಡು ಅಂಗಳಕ್ಕೆ ಬಂದು, ಬೈಯಲಿ ಅಂತ ಕಾದು ನಿಂತ. ಯಾರೂ ಬೈಯಲಿಲ್ಲ.